ಮೊದಲು ಬತ್ತಿಸಿ, ಆಮೇಲೆ ಆಮ್ಲ

ಜನವರಿ 20, ಸೋಮವಾರ

ಎರಡನೇ ವರ್ಷದವರ ರೆಕಾರ್ಡ್ ಬುಕ್ ಮೂವತ್ತೊಂದು. ಎಲ್ಲಕ್ಕೂ ಸಹಿ ಹಾಕಿ ಮುಗಿಸುವಷ್ಟರಲ್ಲಿ ನಲ್ಲಿ ನಿಂತಿತ್ತು. ಅಟೆಂಡರ್ ಚನ್ನಮಲ್ಲಯ್ಯ ಎರಡು ಡ್ರಮ್ ಹಿಡಿದಿಟ್ಟಿದ್ದಾರೆ. ಗುರುವಾರದವರೆಗೆ ಇಡೀ ಕೆಮಿಸ್ಟ್ರಿ ಲ್ಯಾಬಿಗೆ ಅಷ್ಟೇ ನೀರು.

ಹನ್ನೊಂದಕ್ಕೆ ಶಿರಾದಿಂದ ಲಗೇಜ್ ಆಟೋ. ನಮ್ಮ ಡಿಪಾರ್ಟ್ಮೆಂಟಿನ ಲಾವಣ್ಯಳ ಸಿಲಿಂಡರ್ ಬಂತು. ಕರಿ ಕಂಬಳಿ ಸುತ್ತಿ, ಹಗ್ಗ ಬಿಗಿದು ಮಲಗಿಸಿದ್ದರು — ಕಾಯಿಲೆಯವರನ್ನು ಆಸ್ಪತ್ರೆಗೆ ತಂದ ಹಾಗೆ. ಸೋಡಾಕ್ಕೆ ತುಂಬುವ ಗ್ಯಾಸ್. ಕಾರ್ಬನ್ ಡೈಆಕ್ಸೈಡ್. ಬೆಂಗಳೂರಿನಿಂದ ಶುದ್ಧವಾದದ್ದು ತರಿಸಲು ನಮ್ಮ ಕಾಲೇಜಿನಲ್ಲಿ ಮೂರು ತಿಂಗಳು ಫೈಲು ಓಡಬೇಕು. ಇವಳು ಸೋಡಾ ಫ್ಯಾಕ್ಟರಿಗೆ ಒಂದು ಫೋನು ಮಾಡಿ ತರಿಸಿಬಿಟ್ಟಳು.

"ಎಲ್ಲಿಡೋದು ಸರ್?" ಎಂದಳು.

ಪ್ರಿನ್ಸಿಪಾಲರು ಯೋಚಿಸಲೂ ಇಲ್ಲ. "ಹಿಂದಿನ ರೂಮು ಖಾಲಿ ಇದೆಯಲ್ಲಮ್ಮ."

ಖಾಲಿ! ಹದಿನಾರು ವರ್ಷದಿಂದ ಊಟವಾದ ಮೇಲೆ ನಾನು ಕೂರುವ ರೂಮು. ಕಿಟಕಿ ತುಂಬ ಮಧುಗಿರಿ ಬೆಟ್ಟ. ಡ್ರಾಯರಿನಲ್ಲಿ ಪದ್ಯದ ಪುಸ್ತಕಗಳು. ದಿನಕ್ಕೆ ಒಂದೇ ಪದ್ಯ, ಬೆಲ್ ಹೊಡೆಯುವವರೆಗೆ. ಇವತ್ತು ಸ್ಟಾಫ್ ರೂಮಿನಲ್ಲಿ ಕೂತು ಓದಲು ನೋಡಿದೆ. ಅಕ್ಷರ ಮಾತ್ರ ಕಂಡವು.

ಜನವರಿ 23, ಗುರುವಾರ

ಲಾವಣ್ಯಳ ಮೊದಲ ಪ್ರಯೋಗ. ಕರೆದಳು, ಹೋದೆ.

ನನ್ನ ಮೇಜಿನ ಮೇಲೆ ಫ್ಲಾಸ್ಕು. ಅದರ ಬಾಯಿಗೆ ಹುಟ್ಟುಹಬ್ಬದ ಕೆಂಪು ಬಲೂನು, ಒಳಗೆ ಸೋಡಾ ಗ್ಯಾಸ್ ತುಂಬಿದ್ದಾಳೆ. ನಾವು ಉಸಿರಾಡಿ ಬಿಡುವ ಗಾಳಿಯೇ ಅದು. ಸೋಮಾರಿ ಅನಿಲ, ತಾನಾಗಿ ಯಾವುದಕ್ಕೂ ಕೂಡುವುದಿಲ್ಲ. ಆದರೆ ಚಿಟಿಕೆ ತಾಮ್ರದ ಉಪ್ಪು ನಡುವೆ ನಿಂತರೆ ಇನ್ನೊಂದು ಅಣುವಿನ ತುದಿಗೆ ಹೋಗಿ ಅಂಟಿಕೊಳ್ಳುತ್ತದೆ. ಬೇಡವೆಂದು ಬಿಟ್ಟ ಗಾಳಿಯಿಂದ ಬೆಳ್ಳಗಿನ, ಹರಳಿನಂಥ ಆಮ್ಲ. ಔಷಧಕ್ಕೆ ಬೇಕಾದ ಎಷ್ಟೋ ಪದಾರ್ಥಗಳಿಗೆ ಅದು ಮೊದಲ ಮೆಟ್ಟಿಲು. ಇದು ಅವಳ ಪಿಎಚ್.ಡಿ.

ನನ್ನ ವಿದ್ಯಾರ್ಥಿನಿ ಇವಳು. ಪಟ್ಟನಾಯಕನಹಳ್ಳಿ ಕಡೆಯ ಕುರಿ ಸಾಕುವವರ ಮನೆ. ಬಿ.ಎಸ್ಸಿ.ಗೆ ಬಂದಾಗ ಪಿಪೆಟ್ ಹಿಡಿಯಲು ಬರುತ್ತಿರಲಿಲ್ಲ. ಆ್ಯಸಿಡ್ ಬಾಯಿಗೆ ಬಂದು ಅತ್ತಿದ್ದಳು. ಬಾಯಿ ಮುಕ್ಕಳಿಸಲು ನೀರು ಕೊಟ್ಟವಳು ನಾನು. ಈಗ ಇಲ್ಲೇ ಲೆಕ್ಚರರ್, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವಳದು. ಮೂವತ್ತು ವರ್ಷ. ನಲವತ್ತೆಂಟರ ನಾನು ಇನ್ನೂ ಬರೀ ಎಂ.ಎಸ್ಸಿ.

ರೆಕಾರ್ಡ್ ಬುಕ್ ಮುಂದಿಟ್ಟಳು. "ಪ್ರತಿ ಪುಟಕ್ಕೂ ಇಲ್ಲಿನ ಸೀನಿಯರ್ ಒಬ್ರು ನೋಡಿ ಸೈನ್ ಮಾಡ್ಬೇಕಂತೆ ಮೇಡಂ, ಗೈಡ್ ಹೇಳಿದಾರೆ. ನೀವಲ್ದೆ ಇನ್ಯಾರು?"

ಹಾಕಿದೆ. ಸಹಿ ಹಾಕುವುದು ಅಭ್ಯಾಸವಾಗಿದೆ.

ಜನವರಿ 31

ಒಂದನೆಯದು, ಎರಡನೆಯದು — ಎರಡೂ ಆಗಲಿಲ್ಲ. "ಬರೀ ಕಪ್ಪು ಗಸಿ ಮೇಡಂ" ಎಂದು ಫ್ಲಾಸ್ಕ್ ತೋರಿಸಿದಳು. ಸಮಾಧಾನ ಹೇಳಿದೆ. ಹೇಳುವಾಗ ಒಳಗೆ ಏನೋ ಸಡಿಲವಾಯಿತು. ಮನೆಗೆ ಬರುವಾಗ ಬಸ್ಸಿನಲ್ಲಿ ಅದೇನೆಂದು ಹುಡುಕಿದೆ. ಖುಷಿ.

ಫೆಬ್ರವರಿ 5

ಅವಳ ಗೈಡ್ ಫೋನ್ ಮಾಡಿದ್ದರು. ಸ್ಪೀಕರ್‌ನಲ್ಲಿ ಹಾಕಿದ್ದಳು. "ಲಾವಣ್ಯ, ತಾಲ್ಲೂಕು ಕಾಲೇಜಲ್ಲಿ ಕೂತು ಈ ಕೆಮಿಸ್ಟ್ರಿ ಟ್ರೈ ಮಾಡೋ ಧೈರ್ಯ ನನ್ನ ಸ್ಟೂಡೆಂಟ್ಸಲ್ಲಿ ಇನ್ಯಾರಿಗೂ ಇಲ್ಲ. ಬ್ರಿಲಿಯಂಟ್."

ನನಗೆ ಯಾರೂ ಆ ಮಾತು ಅಂದಿಲ್ಲ. ಅನ್ನುವವರೆಗೆ ನಾನು ನಿಲ್ಲಲಿಲ್ಲ. 2001ರಲ್ಲಿ ನಾನೂ ಪಿಎಚ್.ಡಿ.ಗೆ ರಿಜಿಸ್ಟರ್ ಆಗಿದ್ದೆ. ಇದೇ ಆಮ್ಲ, ಅದರ ತಾಮ್ರದ ಲವಣಗಳು. ಆಮೇಲೆ ಮದುವೆ, ಇವರಿಗೆ ಪಾವಗಡಕ್ಕೆ ವರ್ಗ. ಯೂನಿವರ್ಸಿಟಿಗೆ ಹೋಗಿ ಬರುವುದಾಗಲಿಲ್ಲ. ಗಡುವು ಮೀರಿತು. ಒಂದು ದಿನ ಪೋಸ್ಟಿನಲ್ಲಿ ಕಾಗದ ಬಂತು — ನೋಂದಣಿ ರದ್ದು. ಆವತ್ತು ಅವರೆಕಾಳು ಸುಲಿಯುತ್ತಿದ್ದೆ. ಕಾಗದ ಮಡಿಚಿಟ್ಟು ಉಳಿದದ್ದನ್ನೂ ಸುಲಿದೆ.

ಇನ್ನೊಂದು. ಇವತ್ತು ಲಾವಣ್ಯ ಕೇಳಿದಳು, "ಡ್ರಾಯರಲ್ಲಿದ್ದ ಪದ್ಯದ ಬುಕ್ ಓದ್ದೆ ಮೇಡಂ. ಎಷ್ಟ್ ಚೆನ್ನಾಗಿವೆ! ಪೆನ್ಸಿಲ್ ಗೆರೆ ಹಾಕಿರೋದು ನೀವಾ?"

ಅದೂ ಅವಳಿಗೇ ಬೇಕು.

ಫೆಬ್ರವರಿ 13, ಗುರುವಾರ

ನಿಧಾನವಾಗಿ ಬರೆಯುತ್ತೇನೆ.

ಐದನೆಯ ಪ್ರಯೋಗ. ಮಧ್ಯಾಹ್ನ ಲಾವಣ್ಯಳಿಗೆ ಕ್ಲಾಸು. "ಕ್ಲಾಸ್ ಮುಗಿಯೋವರ್ಗೂ ನೋಡ್ಕೊಳ್ತೀರಾ ಮೇಡಂ" ಎಂದು ಬಿಟ್ಟು ಹೋದಳು. ಬಲೂನು ತೆಗೆದಿದ್ದಳು. ಫ್ಲಾಸ್ಕಿಗೆ ಮೂಗು ಹಿಡಿದೆ, ಹಳೆಯ ಚಾಳಿ. ಇಪ್ಪತ್ನಾಲ್ಕು ಗಂಟೆ ಹಿಂದೆ ಗ್ಯಾಸಿನ ಜೊತೆ ಕೂಡಲೆಂದು ಹಾಕಿದ ಫಿನೈಲ್ ಅಸಿಟಿಲೀನ್‌ನ ಘಾಟು ಇಲ್ಲವೇ ಇಲ್ಲ. ಅಂದರೆ ಅದು ಖರ್ಚಾಗಿದೆ. ಅಂದರೆ ಗ್ಯಾಸು ಕೂಡಿದೆ. ಅಂದರೆ ಆಮ್ಲ ಒಳಗೇ ಇದೆ!

ಆಗಲೇ ಕಾದ ಮರಳಿನ ಬಾಣಲೆಯ ಮೇಲೆ ಫ್ಲಾಸ್ಕು ಇಟ್ಟಿದ್ದಳು, ದ್ರಾವಕ ಬತ್ತಲಿ ಎಂದು. ಆ ದ್ರಾವಕ ಕುದಿಯುವುದು ನೂರೈವತ್ತರ ಮೇಲೆ. ಥರ್ಮಾಮೀಟರ್ ಇನ್ನೂ ತೊಂಬತ್ತು ದಾಟಿರಲಿಲ್ಲ. ಆದರೂ ಗುಳ್ಳೆ ಏಳುತ್ತಿದ್ದವು. ಸಣ್ಣ ಸಣ್ಣ ಗುಳ್ಳೆ, ಸಾಲಾಗಿ. ಜೊತೆಗೆ ಆ ಘಾಟು ತಿರುಗಿ ಬರತೊಡಗಿತು. ಮೊದಲು ಮೂಗಿಗೆ, ಆಮೇಲೆ ನೆನಪಿಗೆ.

ಚನ್ನಮಲ್ಲಯ್ಯನವರ ಎಲೆಯಡಿಕೆ ಡಬ್ಬಿ ಕಿಟಕಿಯಲ್ಲಿತ್ತು. ಉಗುರಲ್ಲಿ ಸುಣ್ಣ ತೆಗೆದು ನೀರಲ್ಲಿ ಕಲಸಿದೆ, ಸೋಸಿದೆ. ಗಾಜಿನ ಕಡ್ಡಿಯ ತುದಿಯಲ್ಲಿ ಆ ತಿಳಿಯ ಒಂದು ಹನಿ ಹಿಡಿದು ಫ್ಲಾಸ್ಕಿನ ಬಾಯಿಗೆ ಒಡ್ಡಿದೆ. ಹನಿ ಹಾಲಾಯಿತು. ಹೈಸ್ಕೂಲು ಮಕ್ಕಳ ಪರೀಕ್ಷೆ. ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತಿದೆ.

ಪ್ರಯೋಗ ಸೋಲುತ್ತಿಲ್ಲ. ಐದು ಸಲವೂ ಗೆದ್ದಿದೆ. ಗೆದ್ದ ಮೇಲೆ ಇವಳು ಅದನ್ನು ಕಾಯಿಸಿ ಕಳೆಯುತ್ತಿದ್ದಾಳೆ. ತಣ್ಣಗಿದ್ದಾಗ ಗ್ಯಾಸನ್ನು ಒಳಗೆ ಕರೆಯುವ ತಾಮ್ರವೇ ಬಿಸಿಯಲ್ಲಿ ಅದನ್ನು ಹೊರಗೆ ದೂಡುತ್ತದೆ.

ನನಗಿದು ಗೊತ್ತಿತ್ತು. ಮನೆಗೆ ಬಂದು ಅಟ್ಟದ ಟ್ರಂಕಿನಿಂದ 2001ರ ನೋಟ್‌ಬುಕ್ ತೆಗೆದು ನೋಡಿದೆ. ನನ್ನದೇ ಅಕ್ಷರ: "ಬೇಗ ಒಣಗಲೆಂದು ಬಿಸಿಗಿಟ್ಟೆ. ಆಮ್ಲ ಹೋಯಿತು. ವಾಸನೆ ಉಳಿಯಿತು."

ಮಧ್ಯಾಹ್ನ ಲಾವಣ್ಯ ಕ್ಲಾಸು ಮುಗಿಸಿ ಬಂದು ಕೇಳಿದ್ದಳು. "ಏನಾದ್ರೂ ಗೊತ್ತಾಯ್ತಾ ಮೇಡಂ?"

"ಇಲ್ಲ" ಎಂದಿದ್ದೆ.

ಗಾಜಿನ ಕಡ್ಡಿ ತೊಳೆದಿಟ್ಟಿದ್ದೆ.

ಫೆಬ್ರವರಿ 14

ಐದನೇ ಪುಟ ಸಹಿಗೆ ಬಂತು. "ಉತ್ಪನ್ನ: ಇಲ್ಲ" ಎಂದು ಬರೆದಿದ್ದಳು. ಕೆಳಗೆ ನನ್ನ ಸಹಿ.

"ನಿಮಗೇನನ್ಸುತ್ತೆ ಮೇಡಂ?" ಎಂದಳು. ಕಣ್ಣ ಕೆಳಗೆ ಕಪ್ಪಾಗಿದೆ.

"ಸೋಡಾ ಗ್ಯಾಸಲ್ವಾ... ತೇವ ಇರಬಹುದು. ಒಣಗಿಸಿ ನೋಡು."

ಸುಳ್ಳಲ್ಲ. ಯಾರಾದರೂ ಕೊಡಬಹುದಾದ ಸಲಹೆ. ಉಪಯೋಗಕ್ಕೆ ಬಾರದ ಸಲಹೆ. ಅವಳ ಮುಖ ಅರಳಿತು.

ಫೆಬ್ರವರಿ 18, ಮಂಗಳವಾರ

ಸಿಲಿಂಡರ್ ವಿಚಾರಿಸಲು ಶಿರಾಕ್ಕೆ ಹೊರಟಳು. ನನ್ನನ್ನೂ ಎಳೆದುಕೊಂಡು ಹೋದಳು. ಸೋಡಾ ಫ್ಯಾಕ್ಟರಿ ಬಾಬಾಜಾನ್ ಸಾಬರು ಬಾಟಲಿ ತೊಳೆಸುತ್ತಾ ನಿಂತಿದ್ದರು. ಗ್ಯಾಸಲ್ಲಿ ನೀರಿನ ಅಂಶ ಇದೆಯೇ ಎಂದು ಲಾವಣ್ಯ ಕೇಳಿದ್ದೇ ತಡ—

"ಅರೇ ಬೇಟಿ! ನೀರೊಳಗೆ ಗ್ಯಾಸ್ ಹಾಕೋದು ನಮ್ ಧಂದೆ. ಗ್ಯಾಸೊಳಗೆ ನೀರು ಹಾಕೋದಲ್ಲ. ನಮ್ ಅಬ್ಬಾ ಕಾಲದಿಂದ ಒಬ್ರೂ ಹಂಗಂದಿಲ್ಲ. ಯಾರ್ ಹೇಳಿದ್ದು ನಿಂಗೆ?"

ಅವಳು ನನ್ನ ಕಡೆ ನೋಡಿ ನಕ್ಕಳು. "ನಮ್ ಮೇಡಂ."

ಸಾಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೇಡಂ, ಕೂತ್ಕೊಳ್ಳಿ. ಒಂದು ನಿಂಬು ಸೋಡಾ ಕುಡೀರಿ. ಖಾರ ಮೂಗಿಗೆ ಹತ್ತಿಲ್ಲ ಅಂದ್ರೆ ನನ್ ಸಿಲಿಂಡರ್ ವಾಪಸ್ ಕೊಡಿ."

ಹತ್ತಿತು. ಕಣ್ಣಲ್ಲಿ ನೀರು ಬಂತು. ಲಾವಣ್ಯ ಕರ್ಚೀಫು ಕೊಟ್ಟಳು.

ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಮಾರ್ಚ್ 21ಕ್ಕೆ ಕಮಿಟಿ ಇದೆಯಂತೆ. ಎರಡು ಸಲ ಗಡುವು ಕೊಟ್ಟಾಗಿದೆ. ಈ ಸಲ ಆಮ್ಲ ತೋರಿಸದಿದ್ದರೆ ನೋಂದಣಿ ರದ್ದು. ನಿದ್ದೆ ಹತ್ತುವ ಮೊದಲು ಇದನ್ನು ಹೇಳಿದಳು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ.

ಆಗಲೇ ಹೇಳಬಹುದಿತ್ತು. ಅವಳ ತಲೆ ನನ್ನ ಭುಜದ ಮೇಲೇ ಇತ್ತು. ಬಡವನಹಳ್ಳಿ ಬರಲಿ ಎಂದುಕೊಂಡೆ. ಬಂತು. ಮಧುಗಿರಿ ಬರಲಿ ಎಂದುಕೊಂಡೆ.

ಫೆಬ್ರವರಿ 22

ಗ್ಯಾಸ್ ಒಣಗಿಸಲು ಗಾಜಿನ ನಳಿಕೆ ಜೋಡಿಸಿದ್ದಾಳೆ. ನಾಲ್ಕು ದಿನದ ಕೆಲಸ. ಬಹಳ ಅಚ್ಚುಕಟ್ಟು. ಆರನೆಯದೂ ಇಲ್ಲ. ಸಹಿ.

ಫೆಬ್ರವರಿ 27, ಗುರುವಾರ

ಶಿವರಾತ್ರಿ ಮುಗಿಸಿ ಲಾವಣ್ಯಳ ತಾಯಿ ಕ್ಯಾತಮ್ಮ ಬಂದಿದ್ದರು, ಮಗಳಿಗೆ ಬಟ್ಟೆ ಕೊಡಲು. ನನಗೆ ಅಂತ ಪ್ರತ್ಯೇಕ ಒಂದು ಡಬ್ಬಿ ತಂಬಿಟ್ಟು.

ಹಿಂದಿನ ರೂಮಿಗೆ ಬಂದು ಬಲೂನು ನೋಡುತ್ತಾ ನಿಂತರು. "ಇದ್ರಾಗೇನೈತವ್ವ?"

"ನಾವು ಉಸಿರು ಬಿಡ್ತೀವಲ್ಲ, ಆ ಗಾಳಿ" ಎಂದೆ.

"ಕುರಿ ಬುಟ್ಟಿದ್ದೂ ಅದೇನಾ?"

"ಅದೇ."

"ಅಯ್ಯೋ ಶಿವ್ನೆ! ದೊಡ್ಡೀಲಿ ಬೆಳಕರಿದ್ರೆ ಮೂಗ್ ಮುಚ್ಕಂಡ್ ಓಡ್ತಿದ್ಲು, ಈಗ ಅದ್ನೇ ಹಿಡಿಯಕ್ಕೆ ಎಂಟು ವರ್ಸ ಓದವ್ಳೆ! ಹಿಡ್ದು ಏನ್ ಮಾಡ್ತಾಳೆ?"

"ಹುಳಿ ಮಾಡ್ತಾಳೆ. ಆಮ್ಲ."

"ಉಪ್ಪಿನ್ಕಾಯಿಗಾ?"

ಲಾವಣ್ಯ ಬಾಗಿಲಲ್ಲೇ ನಗುತ್ತಾ ಕುಸಿದಳು. ನಾನೂ ನಕ್ಕೆ. ತುಂಬ ದಿನದ ಮೇಲೆ.

ಹೊರಡುವಾಗ ಕ್ಯಾತಮ್ಮ ನನ್ನ ಕೈ ಹಿಡಿದುಕೊಂಡರು. ಒರಟು ಅಂಗೈ. "ಅವ್ಳಪ್ಪ ಓದು ಬುಡ್ಸಿ ಮದ್ವೆ ಮಾಡಾಣ ಅಂದಾಗ ನೀವು ನಮ್ ಹಟ್ಟಿಗಂಟ ಬಂದ್ ಬೈದ್ರಲ್ಲ, ನಂಗ್ ನೆಪ್ಪೈತೆ ಕಣಮ್ಮ. ನಿಮ್ ಕಣ್ಣ್ ಅವ್ಳ ಮ್ಯಾಲಿರಲಿ. ಹೆಂಗೋ ದಡ ಸೇರಿಸ್ಬುಡಿ."

ತಂಬಿಟ್ಟು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿದೆ. ನಾನು ತಿನ್ನಲಿಲ್ಲ.

ಮಾರ್ಚ್ 1

ಏಳು. ಇಲ್ಲ. ಸಹಿ.

ಮಾರ್ಚ್ 5

ಎಂಟು. ಇಲ್ಲ. ಸಹಿ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಮುದ್ದೆ ತಿರುವುತ್ತಾ ಇವರಿಗೆ ಹೇಳಿದೆ — ಲಾವಣ್ಯಳ ನೋಂದಣಿ ಹೋಗಬಹುದು ಅಂತ. ಅಷ್ಟೇ ಹೇಳಿದೆ.

ಇವರು ಷರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ತಿರುಮಣಿಯ ಸೋಲಾರ್ ಪಾರ್ಕಿನ ಕಡೆ ಡ್ಯೂಟಿ ಇವತ್ತು. "ಅಯ್ಯೋ ಪಾಪ. ನಿಂಗೆ ಗೊತ್ತಿರೋ ಸಬ್ಜೆಕ್ಟೇ ಅಲ್ವೇನೇ ಕಮಲ? ಆಗ ಅದ್ನೇ ಮಾಡ್ತಿದ್ದೆ. ಸ್ವಲ್ಪ ಹೇಳ್ಕೊಡು."

"ನಿಮಗೇನ್ ಗೊತ್ತು ನಾನು ಏನ್ ಮಾಡ್ತಿದ್ದೆ ಅಂತ?"

ಗುಂಡಿ ಹಾಕುವ ಕೈ ನಿಂತಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಆ ದನಿ ಅವರು ಕೇಳಿರಲಿಲ್ಲ. "ಗೊತ್ತು" ಎಂದರು ಮೆಲ್ಲಗೆ. "ಪಾವಗಡಕ್ಕೆ ಬಂದ್ಮೇಲೆ ಆ ಬುಕ್ಕು ಟ್ರಂಕಿಗೆ ಹಾಕಿದ್ದು ನಾನೇ."

ಮುದ್ದೆ ಗಂಟಾಯಿತು.

ದಿನವಿಡೀ ಯೋಚಿಸಿದೆ. ಇವರ ಮೇಲೆ ಸಿಟ್ಟಿರಬೇಕಿತ್ತು. ಇಲ್ಲ. ಇವರ ಮೇಲೆ ಬರಬೇಕಾದ ಸಿಟ್ಟು ಒಂದು ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಗಿ ಕೂತಿದೆ. ಹೊಟ್ಟೆಕಿಚ್ಚು. ನೋಡು, ಬರೆದೆ. ಆ ಶಬ್ದ ಬರೆಯಲು ಒಂದೂವರೆ ತಿಂಗಳು ಬೇಕಾಯಿತು. ಬರೆದರೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ.

ಇನ್ನೂ ಒಂದನ್ನು ಬರೆದುಬಿಡುತ್ತೇನೆ. ಅವಳು ಸೋಲಲಿ ಅನ್ನುವುದು ಒಂದು ಭಾಗ ಮಾತ್ರ. ಇನ್ನೊಂದು ಭಾಗ: ಅದು ಎಲ್ಲಿ ಸೋಲುತ್ತಿದೆ ಎಂದು ಇಡೀ ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತು. ಅಂಥದ್ದು ನನ್ನ ಹತ್ತಿರ ಎಂದೂ ಇರಲಿಲ್ಲ. ಕೊಟ್ಟರೆ ಮತ್ತೆ ಕೈ ಖಾಲಿ.

ಮಾರ್ಚ್ 8, ಶನಿವಾರ

ಒಂಬತ್ತು. ಇಲ್ಲ. ಇವತ್ತು ಅವಳು ಗಸಿಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾ ತುಂಬ ಹೊತ್ತು ಕೂತಿದ್ದಳು. ಸಹಿ.

ಮಾರ್ಚ್ 11, ಮಂಗಳವಾರ

ಹತ್ತನೆಯದು. ಫ್ಲಾಸ್ಕು ಮರಳಿನ ಮೇಲೆ. ಗೈಡ್ ಫೋನಿನಲ್ಲಿದ್ದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಚನ್ನಮಲ್ಲಯ್ಯ ಡ್ರಮ್ಮಿನ ಹತ್ತಿರ ಬೀಕರ್ ತೊಳೆಯುತ್ತಿದ್ದರು.

"ಲಾವಣ್ಯ, ಆಮ್ಲ ಹೊರಗೆ ತೆಗಿಯೋ ವಿಧಾನ ಬದಲಾಯಿಸಿ ನೋಡಿದ್ರಾ?"

"ಸರ್, ಅದ್ರಲ್ಲಿ ಪ್ರಾಬ್ಲಂ ಇರಲ್ಲ ಸರ್. ಅದು ನಮ್ ಮೇಡಂ ವಿಧಾನ. ಬಿ.ಎಸ್ಸಿ.ಯಿಂದ ಅದ್ರಲ್ಲೇ ಮಾಡ್ತಿದೀನಿ. ಒಂದ್ಸಲಾನೂ ಕೈ ಕೊಟ್ಟಿಲ್ಲ."

"ಆದರೂ..."

"ಮೇಡಂ ಪ್ರತಿ ಪುಟ ನೋಡಿ ಸೈನ್ ಮಾಡ್ತಾರೆ ಸರ್. ತಪ್ಪಿದ್ರೆ ಅವ್ರು ಹೇಳದೆ ಇರ್ತಿದ್ರಾ?"

ನನಗೆ ಅರ್ಥವಾಗಲಿಲ್ಲ. ನನ್ನ ವಿಧಾನ?

ಚನ್ನಮಲ್ಲಯ್ಯ ಒದ್ದೆ ಕೈ ಒರೆಸಿಕೊಂಡು ರೂಮಿನ ಕಡೆ ಗದ್ದ ಎತ್ತಿದರು. "ಅದೇ ಕಣ್ ಮೇಡಮ್ಮೋರೆ, ಕದದ ಹಿಂದ್ಲ ಬೋಲ್ಡು. ನೀವೇ ಬರ್ದು ನನ್ ಕೈಲಿ ಮೊಳೆ ಹೊಡ್ಸಿದ್ರಲ್ಲ, ಬೋರು ಬತ್ತೋದ್ ವರ್ಸ."

ಲಾವಣ್ಯ ಕ್ಲಾಸಿಗೆ ಹೋದ ಮೇಲೆ ಬಾಗಿಲು ಮುಂದೆ ತಳ್ಳಿ ನೋಡಿದೆ. ಇದೆ. ರಟ್ಟಿನ ಬೋರ್ಡು ಹಳದಿಯಾಗಿದೆ. ಹದಿನಾರು ವರ್ಷ ದಿನಾ ಅದರ ಪಕ್ಕದಲ್ಲೇ ಕೂತು ಪದ್ಯ ಓದಿದ್ದೇನೆ.

"ನೀರು ಉಳಿಸಿ. ಮೊದಲು ಬತ್ತಿಸಿ, ಆಮೇಲೆ ಆಮ್ಲ ಹಾಕಿ. — ಕಮಲಾಕ್ಷಿ, 2009."

ಎಲ್ಲಾ ಕಡೆ ಮೊದಲು ನೀರು ಹೊಯ್ದು, ತಣ್ಣಗಿರುವಾಗಲೇ ಆಮ್ಲ ಹಾಕಿ ಪದಾರ್ಥ ತೆಗೆಯುತ್ತಾರೆ. ಒಂದು ಸಲಕ್ಕೆ ಅರ್ಧ ಬಿಂದಿಗೆ ನೀರು ಬೇಕು. ಮೂವತ್ತು ಮಕ್ಕಳಿಗೆ ಅಷ್ಟು ನೀರು ನಾನು ಎಲ್ಲಿಂದ ತರಲಿ? ಅದಕ್ಕೆ ಈ ಉಪಾಯ. ಮಕ್ಕಳು ಮಾಡುವ ಬೆಂಜೊಯಿಕ್ ಆಮ್ಲ ಗಟ್ಟಿ, ಎಷ್ಟು ಕಾಯಿಸಿದರೂ ಜಗ್ಗುವುದಿಲ್ಲ. ಬೇರೆ ಯಾವ ಕಾಲೇಜಿನಲ್ಲೂ ಹೀಗೆ ಮಾಡುವುದಿಲ್ಲ. ನಮ್ಮಲ್ಲಿ ಇದು ಪದ್ಧತಿಯಾಯಿತು. ನಮ್ಮ ಮಕ್ಕಳಿಗೆ ಬೇರೆ ವಿಧಾನ ಇದೆ ಅಂತಲೇ ಗೊತ್ತಿಲ್ಲ.

ಅವಳ ತಪ್ಪು ಎಂದುಕೊಂಡು ಒಂದು ತಿಂಗಳು ಒಳಗೊಳಗೇ ಸವಿದೆ. ತಪ್ಪು ನಾನು ಕಲಿಸಿದ್ದು. ಅವಳು ನಂಬಿಕೊಂಡು ಹತ್ತು ಸಲ ಮಾಡಿದಳು. ಗೈಡಿನ ಎದುರು ನನ್ನ ಪರವಾಗಿ ವಾದಿಸಿದಳು.

ಹತ್ತನೇ ಪುಟ ಬಂತು. ಸಹಿ ಹಾಕಿದೆ. ಇದನ್ನೂ ಹಾಕಿದೆ.

ಮಾರ್ಚ್ 12, ಬುಧವಾರ

ಎಂಟಕ್ಕೇ ಕಾಲೇಜಿಗೆ ಹೋದೆ. ಸ್ಟೂಲ್ ಹಾಕಿಕೊಂಡು ಬೋರ್ಡು ಕಿತ್ತೆ. ಒಂದು ಮೊಳೆ ಬರಲಿಲ್ಲ, ಮೂಲೆ ಹರಿಯಿತು. ಚನ್ನಮಲ್ಲಯ್ಯ ಪೊರಕೆ ಹಿಡಿದು ನಿಂತು ನೋಡಿದರು. ಉದುರಿದ ಮೊಳೆ ಗುಡಿಸಿ ಹಾಕಿದರು.

ಲಾವಣ್ಯ ಬಂದಳು. ಹೊಸ ಬಲೂನು ಹಾಕಿ ಆಗಿತ್ತು, ನಿನ್ನೆ ಸಂಜೆಯೇ. ಹನ್ನೊಂದನೆಯದು. ಕದದ ಹಿಂದಿನ ಗೋಡೆ ನೋಡಿದಳು.

"ಬೋರ್ಡ್ ಎಲ್ಲೋಯ್ತು ಮೇಡಂ?"

"ತೆಗೆದೆ. ಅದು ತಪ್ಪು. ಈ ಆಮ್ಲ ಬಿಸಿ ತಡೆಯಲ್ಲ. ಬತ್ತಿಸಬೇಡ. ನಾಳೆ ನೀರು ಹಾಕು, ಐಸಲ್ಲಿಟ್ಟು ತಣ್ಣಗೆ ಆ್ಯಸಿಡ್ ಹಾಕು."

ಅವಳ ಎರಡೂ ಕೈ ಬಾಯಿಗೆ ಹೋದವು. "ಅಯ್ಯೋ... ಕಾಪರ್. ಬಿಸಿಗೆ ಕಾಪರ್ ವಾಪಸ್ ಕಳಿಸುತ್ತಲ್ವಾ?"

ಒಂದೇ ನಿಮಿಷ. ನಾನು ಒಂದು ತಿಂಗಳು ಬಚ್ಚಿಟ್ಟದ್ದು ಅವಳಿಗೆ ಒಂದು ನಿಮಿಷದ ದಾರಿ. ಆಗಲೂ ಒಳಗೆ ಚುರುಕ್ ಎಂದಿತು. ಸುಳ್ಳು ಬರೆಯುವುದಿಲ್ಲ.

ಮಾರ್ಚ್ 13, ಗುರುವಾರ

ಇವತ್ತು ನಲ್ಲಿ ಬರಬೇಕಿತ್ತು, ಬರಲಿಲ್ಲ. ಚನ್ನಮಲ್ಲಯ್ಯ ಹಾಸ್ಟೆಲಿನಿಂದ ಎರಡು ಕ್ಯಾನು ಸೈಕಲ್ಲಿಗೆ ಕಟ್ಟಿ ತಳ್ಳಿಕೊಂಡು ಬಂದರು. "ಬೆಳಿಗ್ಗೆ ನಾನೇ ಸ್ನಾನ ಮಾಡಿಲ್ಲ, ಇದಕ್ಕ್ ಮಾಡಿಸ್ತಾ ಇದೀನಿ" ಎಂದರು. ಐಸು ಮೀನಿನ ಅಂಗಡಿಯಿಂದ. ಪ್ಲಾಸ್ಟಿಕ್ ಕವರಿನೊಳಗೆ ಇನ್ನೂ ಎರಡು ಪೊರೆ ಅಂಟಿದ್ದವು. ಬೀಕರಿನ ಹೊರಗೆ ತಾನೇ ಇಡುವುದು, ಪರವಾಗಿಲ್ಲ ಎಂದೆ.

ನೀರು ಹೊಯ್ದಳು. ಸೋಸಿದಳು. ಐಸಿನ ನಡುವೆ ಬೀಕರ್. ಆ್ಯಸಿಡ್ ಹನಿ ಹನಿಯಾಗಿ. ನಾನು ಗಾಜಿನ ಕಡ್ಡಿಯಲ್ಲಿ ತಿರುವುತ್ತಿದ್ದೆ. ಅದೇ ಕಡ್ಡಿ.

ಮೊದಲು ನೊರೆ. ಆಮೇಲೆ ಏನೂ ಇಲ್ಲ. ಲಾವಣ್ಯಳ ಉಸಿರು ಕೇಳಿಸುತ್ತಿತ್ತು. ಇನ್ನೂ ನಾಲ್ಕು ಹನಿ. ನೀರು ಮಸುಕಾಯಿತು. ಇನ್ನೆರಡು.

ಬಿಳಿ.

ಮೋಡ ಒಡೆದ ಹಾಗೆ ಇಡೀ ಬೀಕರು ತುಂಬ ಬಿಳಿ. ಕಡ್ಡಿಗೆ ತೂಕ ತಗುಲಿತು. ಚನ್ನಮಲ್ಲಯ್ಯ ಹಿಂದಿನಿಂದ, "ಮೊಸರು ಹೆಪ್ಪಾದಂಗೆ ಆಯ್ತಲ್ರೀ!"

ಲಾವಣ್ಯ ನನ್ನನ್ನು ಅಪ್ಪಿಕೊಂಡಳು. ಅವಳ ಕೂದಲಲ್ಲಿ ಆ ಹಳೆಯ ಘಾಟು. ಅವಳ ತಲೆಯ ಮೇಲಿಂದ ಬೀಕರನ್ನೇ ನೋಡುತ್ತಿದ್ದೆ. ಅಷ್ಟು ಬಿಳಿ ನನ್ನ ಕೈಯಿಂದ ಎಂದೂ ಹುಟ್ಟಲಿಲ್ಲ. ಉಸಿರಿನಿಂದ ಆದದ್ದು. ಎಲ್ಲರೂ ಬಿಟ್ಟುಬಿಟ್ಟದ್ದರಿಂದ.

ಮಾರ್ಚ್ 14, ಶುಕ್ರವಾರ

ಕಮಿಟಿಗೆ ಇನ್ನೂ ಏಳು ದಿನ. ಇನ್ನೊಂದು ಸಲ ಮಾಡಿ ತೋರಿಸಲು ಸಾಕು. ಗೈಡ್ ಫೋನಿನಲ್ಲಿ ಕೂಗಿದ್ದು ಕಾರಿಡಾರಿಗೆಲ್ಲ ಕೇಳಿಸಿತು. ಪ್ರಿನ್ಸಿಪಾಲರು ಇಬ್ಬರನ್ನೂ ಕರೆದು ಕಾಫಿ ಕೊಟ್ಟರು.

ಮೂರು ಗಂಟೆಗೆ ರೆಕಾರ್ಡ್ ಬುಕ್ ತಂದಳು. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ. ಹನ್ನೊಂದನೇ ಪುಟ. ಉತ್ಪನ್ನ: ಶೇಕಡಾ ಎಪ್ಪತ್ತೊಂದು. ಅದರ ಕೆಳಗೆ ಅವಳೇ ಸ್ಕೇಲಿಟ್ಟು ಒಂದು ಗೆರೆ ಎಳೆದಿದ್ದಾಳೆ: "ವಿಧಾನದ ತಪ್ಪು ಗುರುತಿಸಿದವರು: ಶ್ರೀಮತಿ ಕಮಲಾಕ್ಷಿ. ದಿನಾಂಕ:" — ಮುಂದೆ ಖಾಲಿ.

"ಥೀಸಿಸ್‌ನಲ್ಲೂ ಹಾಕ್ತೀನಿ ಮೇಡಂ. ಗೈಡ್‌ಗೂ ಹೇಳಿದೀನಿ. ಹೊಳೆದಿದ್ದು ಯಾವತ್ತು ಅಂತ ನಿಮ್ ಕೈಯಲ್ಲೇ ಬರೀರಿ. ಮಂಗಳವಾರನಾ, ಬುಧವಾರನಾ?"

ಮಾರ್ಚ್ 12 ಎಂದು ಬರೆಯಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಹೆಸರು ಅಚ್ಚಾಗುತ್ತಿತ್ತು. ಇಪ್ಪತ್ತನಾಲ್ಕು ವರ್ಷ ಕಾದ ಒಂದು ಸಾಲು.

ಪುಟ ಹಿಂದಕ್ಕೆ ತಿರುವಿದೆ. ಹತ್ತು, ಒಂಬತ್ತು, ಎಂಟು, ಏಳು, ಆರು, ಐದು. ಆರು ಪುಟ. ಆರರಲ್ಲೂ "ಇಲ್ಲ". ಆರರ ಕೆಳಗೂ ನನ್ನ ಸಹಿ, ನೀಲಿ ಶಾಯಿ, ಓರೆಯಿಲ್ಲದೆ, ಮಕ್ಕಳ ರೆಕಾರ್ಡಿಗೆ ಹಾಕಿದ ಹಾಗೇ. ಮತ್ತೆ ಹನ್ನೊಂದಕ್ಕೆ ಬಂದೆ. ಪೆನ್ನು ತೆಗೆದು ಬರೆದೆ — 13-2-2025.

ಲಾವಣ್ಯ ಬಗ್ಗಿ ನೋಡಿದಳು. ನಕ್ಕಳು. "ಮೇಡಂ, ತಿಂಗಳು ತಪ್ಪಾಯ್ತು. ಇದು ಮಾರ್ಚ್."

"ತಪ್ಪಿಲ್ಲ."

ಅವಳ ನಗು ಪೂರ್ತಿ ಹೋಗಲಿಲ್ಲ, ಅರ್ಧಕ್ಕೆ ನಿಂತಿತು. ಕಣ್ಣು ಬುಕ್ಕಿನ ಹಿಂದಿನ ಪುಟಗಳ ಕಡೆ ಹೋಯಿತು. ಒಂದೊಂದಾಗಿ ಎಣಿಸುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು.

"ಕೂತ್ಕೋ ಲಾವಣ್ಯ" ಎಂದೆ.

ಕೂತಳು. ನಾನು ಐದನೇ ಪುಟ ತೆರೆದು, ಆ ಮಧ್ಯಾಹ್ನ ಮೂಗಿಗೆ ಬಂದ ಘಾಟಿನಿಂದ ಹೇಳತೊಡಗಿದೆ.